ಸಾಲಿನ ಗಾಡಿಯೋ, ಒಂಟಿ ಗಾಡಿಯೋ? ಕ್ಯಾರವಾನ್ ಪ್ರವಾಸಕ್ಕೆ ಮುಂಚೆ ಹಾಕಬೇಕಾದ ಲೆಕ್ಕ

ಉಳವಿ ಜಾತ್ರೆಗೆ ಚಕ್ಕಡಿ ಹೊರಡುವುದನ್ನು ನೀವು ನೋಡಿರಬಹುದು. ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಬೆಳಗಾವಿ ಕಡೆಯ ಊರುಗಳಿಂದ ಚಕ್ಕಡಿಗಳು ಸಾಲಾಗಿ ಕಾಡಿನ ದಾರಿ ಹಿಡಿಯುತ್ತವೆ. ಗಾಡಿಯೊಳಗೆ ಹಾಸಿಗೆ, ಬುತ್ತಿ, ಎತ್ತಿಗೆ ಮೇವು, ನಡುವೆ ಮಕ್ಕಳು. ಮುಂದಿನ ಗಾಡಿಯಲ್ಲಿ ದಾರಿ ಬಲ್ಲ ಹಿರಿಯರು. ರಾತ್ರಿ ನೀರು ಇರುವ ಕಡೆ ಬಿಡಾರ. ಒಬ್ಬರ ಗಾಡಿಯ ಕೀಲು ಮುರಿದರೆ ಎಲ್ಲರೂ ನಿಲ್ಲುತ್ತಾರೆ. ಮನೆಯನ್ನೇ ಗಾಡಿಯಲ್ಲಿ ಹೇರಿಕೊಂಡು ಹೋಗುವುದು ನಮಗೆ ಹೊಸದೇನಲ್ಲ. ಎತ್ತಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂದಿದೆ, ಮಲಗಲು, ಅಡುಗೆಗೆ ಒಳಗೇ ಜಾಗ ಇರುವ ಆ ಮನೆಗಾಡಿಗೆ ಕ್ಯಾರವಾನ್ ಅನ್ನುತ್ತಾರೆ, ಅಷ್ಟೆ.

ಹೋದ ವರ್ಷ ನಮ್ಮ ಓಣಿಯ ಕಾಕಾ ಒಬ್ಬರು ಕೇಳಿದರು. ಹುಬ್ಬಳ್ಳಿ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. "ತಮ್ಮಾ, ಕ್ಯಾರವಾನ್ ತೊಗೊಂಡು ಹದಿನೈದು ದಿವಸ ತಿರಗಾಡಬೇಕಂತ ಮಾಡೇನಿ. ಗುಂಪಿನ್ಯಾಗ ಹೋಗೂದು ಚಲೋನೋ, ನಾವ ಹೋಗೂದು ಚಲೋನೋ?" ನಾನು ಎರಡೂ ಥರ ಹೋಗಿ ಬಂದವನು. ಎರಡರಲ್ಲೂ ಬೈಸಿಕೊಂಡವನು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಎರಡೂ ಏನು ಅಂತ ತಿಳಿದುಕೊಳ್ಳಿ

ಗುಂಪಿನ ಪ್ರವಾಸದಲ್ಲಿ ಒಬ್ಬ ಆಯೋಜಕ ಇರುತ್ತಾನೆ. ದಾರಿ, ರಾತ್ರಿ ತಂಗುವ ಜಾಗ, ನೋಡುವ ಸ್ಥಳ, ಕೆಲವು ಊಟ, ಎಲ್ಲ ಅವನೇ ಗೊತ್ತು ಮಾಡಿರುತ್ತಾನೆ. ಅಮೆರಿಕದಲ್ಲಿ ಇದು ಹಳೆಯ ದಂಧೆ. ಅಲ್ಲಿ ಇಂಥ ಮನೆಗಾಡಿಗಳಿಗೆ ಆರ್‌ವಿ ಅನ್ನುತ್ತಾರೆ. ಮುಂದಾಳಿಗೆ ವ್ಯಾಗನ್ ಮಾಸ್ಟರ್ ಅಂತ ಹೆಸರು. ಎಲ್ಲರ ಹಿಂದೆ ಬರುವವನಿಗೆ ಟೇಲ್ ಗನ್ನರ್. ಯಾರ ಗಾಡಿ ಕೆಟ್ಟು ನಿಂತರೂ ಹಿಂದಿನವನ ಕಣ್ಣಿಗೆ ಬೀಳಲೇಬೇಕು, ಅದು ಏರ್ಪಾಡು. ಏರ್‌ಸ್ಟ್ರೀಮ್ ಅನ್ನುವ ಮನೆಗಾಡಿ ಕಂಪನಿ ಕಟ್ಟಿದ ವಾಲಿ ಬಯಮ್ 1951ರಲ್ಲೇ ಇಂಥ ಒಂದು ಸಾಲನ್ನು ಮೆಕ್ಸಿಕೊ ಕಡೆ ಕರೆದುಕೊಂಡು ಹೋಗಿದ್ದ. 1959ರಲ್ಲಿ ಆಫ್ರಿಕಾದ ಕೇಪ್‌ಟೌನ್‌ನಿಂದ ಕೈರೋಗೆ ಇನ್ನೊಂದು ಸಾಲು ಹೊರಡಿಸಿದ. ನಮ್ಮ ಉಳವಿ ಚಕ್ಕಡಿಯವರು ಕೇಳಿದ್ದರೆ ಅದರಲ್ಲಿ ಏನಿದೆ ಅನ್ನುತ್ತಿದ್ದರೋ ಏನೋ.

ಒಂದು ತಪ್ಪು ತಿಳಿವಳಿಕೆ ಇದೆ. ಗುಂಪು ಅಂದರೆ ದಿನವಿಡೀ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಓಡಬೇಕು ಅಂತ ಅನೇಕರು ಅಂದುಕೊಂಡಿದ್ದಾರೆ. ಒಳ್ಳೆಯ ಗುಂಪುಗಳಲ್ಲಿ ಹಾಗೆ ಮಾಡುವುದಿಲ್ಲ. ಮರುದಿನದ ದಾರಿಯನ್ನು ಮುಂಚೆಯೇ ಎಲ್ಲರಿಗೂ ಹೇಳಿರುತ್ತಾರೆ. ಬೆಳಗ್ಗೆ ಅವರವರ ಅನುಕೂಲಕ್ಕೆ ಹೊರಡುತ್ತಾರೆ. ಸಂಜೆ ಒಂದೇ ಜಾಗದಲ್ಲಿ ಕೂಡುತ್ತಾರೆ. ದಿನವಿಡೀ ಸಾಲಾಗಿ ಓಡಿಸುವ ಆಯೋಜಕ ಸಿಕ್ಕರೆ ಸ್ವಲ್ಪ ಯೋಚನೆ ಮಾಡಿ. ನಮ್ಮ ಹೆದ್ದಾರಿಗಳಲ್ಲಿ ಐದು ದೊಡ್ಡ ಗಾಡಿ ಸಾಲು ಬಿಡದೆ ಓಡುವುದು ಅಪಾಯದ ಕೆಲಸ. ಹಿಂದಿನವನು ಮುಂದಿನವನನ್ನು ತಪ್ಪಿಸಿಕೊಳ್ಳಬಾರದು ಅಂತ ನುಗ್ಗುತ್ತಾನೆ.

ಒಂಟಿ ಪ್ರವಾಸ ಅಂದರೆ ಗಾಡಿ ನಿಮ್ಮದು ಅಥವಾ ಬಾಡಿಗೆಯದು, ಉಳಿದದ್ದೆಲ್ಲ ನಿಮ್ಮ ತಲೆಯ ಮೇಲೆ. ಬಾಡಿಗೆಯಾದರೆ ನಮ್ಮಲ್ಲಿ ಹೆಚ್ಚಾಗಿ ಡ್ರೈವರ್ ಜೊತೆಗೇ ಬರುತ್ತಾನೆ.

ಆರು ಕೆಲಸ, ಆರರ ಮುಂದೆ ಹೆಸರು

ಸ್ವಾತಂತ್ರ್ಯ ಬೇಕೋ, ನಿಶ್ಚಿಂತೆ ಬೇಕೋ ಅಂತ ಕೇಳಿಕೊಂಡು ಕೂತರೆ ಏನೂ ಇತ್ಯರ್ಥ ಆಗುವುದಿಲ್ಲ. ಎರಡೂ ಬೇಕು, ಅಲ್ವಾ? ಅದಕ್ಕೆ ಬದಲು ಒಂದು ಹಾಳೆ ತೆಗೆದುಕೊಳ್ಳಿ. ಈ ಆರು ಕೆಲಸ ಬರೆಯಿರಿ: ಗಾಡಿ ಓಡಿಸುವುದು, ನೀರು ತುಂಬುವುದು, ಸಂಡಾಸಿನ ಡಬ್ಬಿ ಖಾಲಿ ಮಾಡುವುದು, ಕರೆಂಟು ನೋಡಿಕೊಳ್ಳುವುದು, ರಾತ್ರಿಯ ಜಾಗ ಹುಡುಕುವುದು, ಅಡುಗೆ. ಪ್ರತಿಯೊಂದರ ಮುಂದೆ ಮನೆಯವರ ಹೆಸರು ಹಾಕಿ. ಅವರನ್ನು ಕೇಳಿಯೇ ಹಾಕಿ. ಒಬ್ಬರ ಹೆಸರು ಮೂರಕ್ಕಿಂತ ಹೆಚ್ಚು ಸಲ ಬಂದರೆ ನೀವು ಒಂಟಿಯಾಗಿ ಹೋಗಲು ಇನ್ನೂ ತಯಾರಿಲ್ಲ ಅಂತಲೇ ನನ್ನ ಲೆಕ್ಕ.

ಈ ಕೆಲಸಗಳು ನಿಜಕ್ಕೂ ಎಷ್ಟು ಅಂತ ಹೇಳುತ್ತೇನೆ.

ನೀರಿನಿಂದ ಶುರು ಮಾಡೋಣ. ಸಣ್ಣ ಕ್ಯಾಂಪರ್ ವ್ಯಾನಿನಲ್ಲಿ 100 ಲೀಟರ್ ಟ್ಯಾಂಕು ಇದೆ ಅಂತ ಇಟ್ಟುಕೊಳ್ಳಿ. ನಾಲ್ಕು ಜನ ಮುಖ ತೊಳೆದು, ಪಾತ್ರೆ ತೊಳೆದು, ಒಂದೊಂದು ತಂಬಿಗೆ ಲೆಕ್ಕದಲ್ಲಿ ಮೈ ತೊಳೆದುಕೊಂಡರೂ ತಲೆಗೆ 20 ಲೀಟರ್ ಆಗುತ್ತದೆ. ಒಂದು ದಿನ ದಾಟುವುದೇ ಕಷ್ಟ. ದೊಡ್ಡ ಟ್ಯಾಂಕು ಹಾಕಿಸಿದರೆ ಆಯ್ತು ಅನ್ನಬೇಡಿ. 100 ಲೀಟರ್ ಅಂದರೆ 100 ಕಿಲೋ ಭಾರ. ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಅನುಕೂಲ ಇದೆ. ನಲ್ಲಿ ನೀರು ಎಂಟು, ಹತ್ತು ದಿನಕ್ಕೊಮ್ಮೆ ಬರುವ ಕಾಲ ನೋಡಿ ಬೆಳೆದವರು ನಾವು. ಬಕೆಟ್ಟಿನಲ್ಲಿ ಬದುಕುವುದು ಬರುತ್ತದೆ. ಬೆಂಗಳೂರಿನ ಷವರ್ ಮಂದಿ ಮೊದಲ ರಾತ್ರಿಯೇ ಟ್ಯಾಂಕು ಖಾಲಿ ಮಾಡಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಸಂಡಾಸು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಗಳ ಮಾತ್ರ ಇಲ್ಲೇ ಹುಟ್ಟುತ್ತದೆ. ಸಣ್ಣ ಗಾಡಿಗಳಲ್ಲಿ ಕ್ಯಾಸೆಟ್ ಟಾಯ್ಲೆಟ್ ಇರುತ್ತದೆ. ಕೆಳಗೆ 18, 20 ಲೀಟರ್ ಹಿಡಿಯುವ ಡಬ್ಬಿ. ನಾಲ್ಕು ಜನ ಬಳಸಿದರೆ ಒಂದೂವರೆ, ಎರಡು ದಿನಕ್ಕೆ ತುಂಬುತ್ತದೆ. ಯಾರಾದರೂ ಅದನ್ನು ಎಳೆದು, ಸರಿಯಾದ ಸಂಡಾಸಿಗೆ ಒಯ್ದು ಸುರಿದು, ತೊಳೆದು, ಔಷಧಿ ಹಾಕಿ ಮತ್ತೆ ಕೂಡಿಸಬೇಕು. ಅಮೆರಿಕದಲ್ಲಿ ಇದಕ್ಕಂತಲೇ ಡಂಪ್ ಸ್ಟೇಷನ್‌ಗಳಿವೆ. ನಮ್ಮ ಹೆದ್ದಾರಿಯಲ್ಲಿ ಅಂಥದ್ದನ್ನು ನಂಬಿಕೊಂಡು ಹೊರಡುವಂತಿಲ್ಲ. ತಂಗುವ ಕಡೆ ಸಂಡಾಸು ಇರಬೇಕು, ಡಬ್ಬಿ ಸುರಿಯಲು ಅವರು ಒಪ್ಪಬೇಕು. ನನ್ನ ಸಲಹೆ ಇಷ್ಟೆ. ಗಾಡಿಯ ಸಂಡಾಸನ್ನು ರಾತ್ರಿಗೆ ಮತ್ತು ವಯಸ್ಸಾದವರಿಗೆ ಮೀಸಲಿಡಿ. ಹಗಲು ಪೆಟ್ರೋಲ್ ಬಂಕಿನದು ಬಳಸಿ. ಹಳ್ಳಕ್ಕೆ, ಕೆರೆಗೆ ಸುರಿಯುವ ಯೋಚನೆಯೇ ಬೇಡ.

ಕರೆಂಟಿನ ವಿಷಯಕ್ಕೆ ಒಂದು ಸಣ್ಣ ಗುಣಾಕಾರ ಸಾಕು. ಗಾಡಿಯಲ್ಲಿ 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿ ಇದೆ ಅನ್ನೋಣ. ಎರಡನ್ನೂ ಗುಣಿಸಿದರೆ 2,400 ವ್ಯಾಟ್ ಅವರ್. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿದದ್ದು 1,200. ಎಸಿ 1,000 ವ್ಯಾಟ್ ಎಳೆದರೆ ಒಂದು ಗಂಟೆ ಚಿಲ್ಲರೆ. ಆಮೇಲೆ ಬೆವರು. ಫ್ಯಾನು, ದೀಪ, ಫೋನ್ ಚಾರ್ಜಿಗಾದರೆ ಅದೇ ಬ್ಯಾಟರಿ ಎರಡು ರಾತ್ರಿ ಬರುತ್ತದೆ. ಅಂದರೆ ರಾತ್ರಿ ಎಸಿ ಬೇಕು ಅನ್ನುವವರಿಗೆ ಹೊರಗಿನ ಪ್ಲಗ್ಗು ಬೇಕೇ ಬೇಕು. ಅದೂ ಅರ್ಥಿಂಗ್ ಸರಿ ಇರುವ 16 ಆಂಪಿಯರ್ ಪ್ಲಗ್ಗು. ಏಪ್ರಿಲ್, ಮೇ ತಿಂಗಳಲ್ಲಿ ಗದಗ, ಕೊಪ್ಪಳ ಕಡೆ ಒಂಟಿಯಾಗಿ ಹೊರಟು ಹೊಲದ ಬದಿ ಮಲಗುತ್ತೇನೆ ಅನ್ನುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಿ.

ಓಡಿಸುವ ಬಗ್ಗೆ ಒಂದೇ ಮಾತು. ಓಡಿಸಬಲ್ಲವರು ಇಬ್ಬರಿರಬೇಕು. ಇಲ್ಲದಿದ್ದರೆ ದಿನಕ್ಕೆ 200 ಕಿಲೋಮೀಟರ್ ದಾಟಬಾರದು. ನಸುಕಿನಲ್ಲಿ ಎದ್ದು ನಿದ್ದೆಗಣ್ಣಲ್ಲಿ ಹೊರಡುವ ಚಟ ನಮಗೆಲ್ಲ ಇದೆ. 2021ರ ಜನವರಿಯಲ್ಲಿ ಧಾರವಾಡದ ಹತ್ತಿರ ಇಟ್ಟಿಗಟ್ಟಿಯಲ್ಲಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೆ ಬೆಳಗಿನ ಹೊತ್ತು ಆದ ಅಪಘಾತವನ್ನು ಈ ಕಡೆಯವರು ಇನ್ನೂ ಮರೆತಿಲ್ಲ. ಬಿಸಿಲು ಬಿದ್ದ ಮೇಲೆ ಹೊರಡಿ. ಕತ್ತಲಾಗುವ ಮುಂಚೆ ನಿಲ್ಲಿಸಿ.

ಅಡುಗೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ಎರಡು ದಿನ ಒಲೆ ಹಚ್ಚದೆ ಕಳೆಯಬಹುದು. ಗಾಡಿ ಓಡುವಾಗ ಸಿಲಿಂಡರಿನ ವಾಲ್ವು ಬಂದ್ ಇರಬೇಕು. ಅದನ್ನು ಡ್ರೈವರೇ ಇಳಿದು ನೋಡಬೇಕು.

ಹೋಗುವ ಕಡೆ ಯಾವುದು ಅನ್ನುವುದೂ ಮುಖ್ಯ

ಭಾಷೆ ಗೊತ್ತಿರುವ, ನೆಂಟರು ಇರುವ, ಮೆಕ್ಯಾನಿಕ್ ಸಿಗುವ ಕಡೆ ಹೋಗಲು ಗುಂಪು ಬೇಕಿಲ್ಲ. ಹುಬ್ಬಳ್ಳಿಯವರಿಗೆ 48, 52, 67, ಮೂರು ರಾಷ್ಟ್ರೀಯ ಹೆದ್ದಾರಿ ಮನೆ ಬಾಗಿಲಲ್ಲೇ ಇವೆ. ಬಾದಾಮಿ, ಹಂಪಿ, ಕಾರವಾರ, ಕೊಲ್ಹಾಪುರ, ಇವಕ್ಕೆಲ್ಲ ದುಡ್ಡು ಕೊಟ್ಟು ಮುಂದಾಳನ್ನು ಹಿಡಿಯುವುದು ಸುಮ್ನೆ ಖರ್ಚು.

ಲಡಾಖ್, ಅರುಣಾಚಲ, ನಾಗಾಲ್ಯಾಂಡ್ ಕಡೆ ಹೊರಟರೆ ಮಾತು ಬೇರೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂಗೆ ನಮ್ಮ ದೇಶದವರಿಗೂ ಇನ್ನರ್ ಲೈನ್ ಪರ್ಮಿಟ್, ಅಂದರೆ ರಾಜ್ಯದ ಒಳಗೆ ಹೋಗಲು ಅನುಮತಿ ಪತ್ರ, ಬೇಕು. 2019ರ ಡಿಸೆಂಬರ್‌ನಿಂದ ಮಣಿಪುರಕ್ಕೂ ಅದು ಬಂದಿದೆ. ಎತ್ತರದ ದಾರಿಯಲ್ಲಿ ಉಸಿರಾಟದ ತೊಂದರೆ, ಕುಸಿಯುವ ಗುಡ್ಡ, ದಿನಗಟ್ಟಲೆ ಸಿಗದ ನೆಟ್‌ವರ್ಕು. ಇಂಥ ಕಡೆ ಮುಂಚೆ ಹೋಗಿ ಬಂದ ಮನುಷ್ಯ ಜೊತೆಗಿದ್ದರೆ ಅವನಿಗೆ ಕೊಟ್ಟ ದುಡ್ಡು ದಂಡವಲ್ಲ.

ಕೇರಳ ನಡುವಿನದು. ಅಲ್ಲಿನ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಂತಲೇ ಒಂದು ನೀತಿ ತಂದಿತು. ಗಾಡಿ ನಿಲ್ಲಿಸಲು ಪ್ರತ್ಯೇಕ ಜಾಗ ಮಾಡುವುದು ಅದರ ಭಾಗ. ಧೈರ್ಯ ಇದ್ದರೆ ಒಂಟಿಯಾಗಿಯೂ ಹೋಗಬಹುದು.

ದುಡ್ಡಿನ ಲೆಕ್ಕ

ಗುಂಪಿನ ದರ ಕೇಳಿದ ತಕ್ಷಣ ಜಾಸ್ತಿ ಅನ್ನಿಸುತ್ತದೆ. ಒಂಟಿಯದು ಕಡಿಮೆ ಅನ್ನಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕದೆ ತೀರ್ಮಾನಿಸಬೇಡಿ.

ಗುಂಪಿನವರನ್ನು ಕೇಳಿ: ಇದರಲ್ಲಿ ಗಾಡಿ ಬಾಡಿಗೆ ಸೇರಿದೆಯಾ? ಡೀಸೆಲ್? ಟೋಲು? ಅಮೆರಿಕದ ಗುಂಪುಗಳಲ್ಲಿ ಸಾಮಾನ್ಯವಾಗಿ ಗಾಡಿಯೂ ನಿಮ್ಮದೇ, ಇಂಧನವೂ ನಿಮ್ಮದೇ. ದರ ಬರೀ ತಂಗುದಾಣ, ಟಿಕೆಟ್ಟು, ಕೆಲವು ಊಟ, ಮುಂದಾಳಿನ ಸೇವೆಗೆ. ಇದು ತಿಳಿಯದೆ ಮುಂಗಡ ಕೊಟ್ಟವರು ಆಮೇಲೆ ಹಣೆ ಚಚ್ಚಿಕೊಳ್ಳುತ್ತಾರೆ.

ಬಾಡಿಗೆ ಗಾಡಿಯವರನ್ನು ಕೇಳಿ: ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್? ನಮ್ಮ ಕಡೆ ಟ್ಯಾಕ್ಸಿ, ಟೆಂಪೊ ಟ್ರಾವೆಲರ್‌ನವರು 250 ಅಥವಾ 300 ಹಿಡಿಯುತ್ತಾರೆ. ಕ್ಯಾರವಾನ್ ಪ್ರವಾಸದ ರುಚಿಯೇ ಎರಡು ದಿನ ಒಂದು ಕಡೆ ಸುಮ್ಮನೆ ನಿಲ್ಲುವುದರಲ್ಲಿದೆ. ನಿಂತ ದಿನಕ್ಕೂ 300 ಕಿಲೋಮೀಟರಿನ ದುಡ್ಡು ಕೊಟ್ಟರೆ ಏನು ಬಂತು? ನಿಂತ ದಿನಕ್ಕೆ ಬೇರೆ ದರ ಮಾತಾಡಿ, ಬರೆಸಿಕೊಳ್ಳಿ. ಡ್ರೈವರ್ ಭತ್ಯೆ, ಅವನು ಮಲಗುವ ಜಾಗ, ಹೊರರಾಜ್ಯದ ತೆರಿಗೆ, ಇವನ್ನೂ ಮುಂಚೆಯೇ ಕೇಳಿ. ಡ್ರೈವರ್ ಎಲ್ಲಿ ಮಲಗುತ್ತಾನೆ ಅನ್ನುವುದು ಅನೇಕರಿಗೆ ರಾತ್ರಿ ಹತ್ತು ಗಂಟೆಗೆ ನೆನಪಾಗುತ್ತದೆ. ಪಾಪ, ಅವನೂ ಮನುಷ್ಯ.

ಸ್ವಂತ ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನು ಇದ್ದವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ. ಶುರುವಿನಲ್ಲಿ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲು ದಾಟುವವರೆಗೆ, ಯಾವುದು ಮುಂಚೆಯೋ ಅದು. ಹಳದಿ ಬೋರ್ಡಿಗೆ ಇದು ಇಲ್ಲ.

ಕಾಗದ ಪತ್ರ

ಬೋರ್ಡಿನ ಬಣ್ಣ ನೋಡಿ. ಬಾಡಿಗೆಗೆ ಕೊಡುವ ಗಾಡಿ ಹಳದಿ ಹಲಗೆ, ಕಪ್ಪು ಅಕ್ಷರ. ನೀವೇ ಓಡಿಸಲು ಬಾಡಿಗೆಗೆ ಕೊಡುವುದಾದರೆ ಕಪ್ಪು ಹಲಗೆ, ಹಳದಿ ಅಕ್ಷರ. ಬಿಳಿ ಹಲಗೆಯ ಗಾಡಿಯನ್ನು ಯಾರಾದರೂ ಅಗ್ಗಕ್ಕೆ ಬಾಡಿಗೆ ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ. ಅಪಘಾತವಾದರೆ ವಿಮೆಯವರು ಮೊದಲು ಅದನ್ನೇ ಎತ್ತುತ್ತಾರೆ.

ಹಳೆಯ ವ್ಯಾನು ಕೊಂಡು ಗ್ಯಾರೇಜಿನಲ್ಲಿ ಮಂಚ, ಅಡುಗೆಕಟ್ಟೆ ಕೂಡಿಸುವ ಉತ್ಸಾಹ ಈಗ ನಮ್ಮಲ್ಲೂ ಬಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರೂಪ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲಿ ನಮೂದಾಗುವ ಹಾಗೆ ಮಾಡಿಸಿ. ಎತ್ತಿ ಹೊರಗಿಡಬಹುದಾದ ಹಾಸಿಗೆ, ಪೆಟ್ಟಿಗೆ ಒಲೆ ಇಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಲೈಸೆನ್ಸಿನ ವಿಷಯ ಈಗ ಸಲೀಸು. ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ವಾಣಿಜ್ಯ ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ನನ್ನ ಎರಡು ಅನುಭವ

ಮೊದಲನೆಯದು ಗುಂಪಿನದು. ಐದು ಗಾಡಿ, ಹಂಪಿ ಕಡೆಗೆ. ಆಯೋಜಕರು ಹೊರಗಿನವರು, ನಾವು ಹುಬ್ಬಳ್ಳಿಯಲ್ಲಿ ಸೇರಿಕೊಂಡೆವು. ದಾರಿಯಲ್ಲಿ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿಯ ಊರು ಅಂತ ಮಾತಿದೆ. ಅತ್ತಿಮಬ್ಬೆಯ ಊರು. ಅಲ್ಲಿ ನಮಗೆ ಕೊಟ್ಟ ಸಮಯ 40 ನಿಮಿಷ! ಬ್ರಹ್ಮ ಜಿನಾಲಯ ನೋಡಿ ಕಾಶಿ ವಿಶ್ವನಾಥ ಗುಡಿಗೆ ಬರುವಷ್ಟರಲ್ಲಿ ಸೀಟಿ ಊದಿದರು. ನಮ್ಮ ಅವ್ವ ಮುಸುಕಿನ ಬಾವಿಯ ಮೆಟ್ಟಿಲು ನೋಡಬೇಕು ಅಂತ ಕೂತವಳು ಏಳಲಿಲ್ಲ. "ಇವರಪ್ಪನ ಗಂಟೇನ ಹೋಗೂದು?" ಅಂದಳು. ನಾಲ್ಕು ಗಾಡಿ ನಮಗಾಗಿ ಕಾದವು. ಆ ಸಂಜೆ ಯಾರೂ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮರುದಿನ ಹಂಪಿ ಹತ್ತಿರ ನಮ್ಮ ಗಾಡಿಯ ಕ್ಲಚ್ ಪ್ಲೇಟ್ ಹೋಯಿತು. ಹಿಂದೆ ಬರುತ್ತಿದ್ದ ಹುಡುಗ ಹತ್ತು ನಿಮಿಷದಲ್ಲಿ ಬಂದ. ನಮ್ಮನ್ನು ಬೇರೆ ಗಾಡಿಗೆ ಹತ್ತಿಸಿದ. ಹೊಸಪೇಟೆಯಿಂದ ಮೆಕ್ಯಾನಿಕ್ ಕರೆಸಿದ. ಸಂಜೆ ಗಾಡಿ ತಂಗುದಾಣಕ್ಕೆ ತಾನಾಗಿಯೇ ಬಂದು ನಿಂತಿತ್ತು. ನಾನು ಒಂದು ಫೋನೂ ಮಾಡಲಿಲ್ಲ. ಹಿಂದಿನ ದಿನ ಮುಖ ತಿರುಗಿಸಿದ್ದವರೇ ನಮ್ಮನ್ನು ಊಟಕ್ಕೆ ಕರೆದರು.

ಎರಡನೆಯದು ಒಂಟಿ. ಬಾಡಿಗೆ ವ್ಯಾನು, ಮಳೆಗಾಲದ ಕೊನೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೋಡಿಕೊಂಡು ಹೊಲದ ದಾರಿಯಲ್ಲಿ ಒಂದು ಬೇವಿನ ಮರ ಕಂಡಿತು. ಎಂಥ ಚಂದದ ಜಾಗ! ಅಲ್ಲೇ ನಿಲ್ಲಿಸಿದೆ. ರಾತ್ರಿ ಒಂದು ತಾಸು ಮಳೆ ಬಂತು. ಬೆಳಗ್ಗೆ ಹಿಂದಿನ ಗಾಲಿ ಅರ್ಧ ಕಪ್ಪು ಎರಿ ಮಣ್ಣಿನೊಳಗೆ. ಈ ಕಡೆ ಹುಟ್ಟಿ ಬೆಳೆದು ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ಇವತ್ತಿಗೂ ನಾಚಿಕೆ. ಎರಿ ಹೊಲ ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ಮಧ್ಯಾಹ್ನ. ಎಳೆದವರು ದುಡ್ಡು ಮುಟ್ಟಲಿಲ್ಲ. ಚಹಾ ಕುಡಿಸಿ, "ಮಸಾರಿ ಭೂಮಿ ನೋಡಿ ನಿಂದರಸ್ರಿ ಸಾಹೇಬ್ರ" ಅಂತ ಬುದ್ಧಿ ಹೇಳಿ ಕಳಿಸಿದರು. ಕೆಂಪು ಮಸಾರಿ ಇಲ್ಲವೇ ಗರಸು ಹಾಕಿದ ನೆಲ. ಮಳೆಗಾಲದಲ್ಲಿ ಧಾರವಾಡ, ಗದಗ ಜಿಲ್ಲೆಯಲ್ಲಿ ಗಾಡಿ ನಿಲ್ಲಿಸುವವರಿಗೆ ಇದಕ್ಕಿಂತ ದೊಡ್ಡ ಸೂತ್ರ ಇಲ್ಲ.

ಅದೇ ಪ್ರವಾಸದಲ್ಲಿ ಚೌಡಯ್ಯದಾನಪುರಕ್ಕೂ ಹೋದೆವು. ತುಂಗಭದ್ರೆಯ ದಂಡೆ, ಮುಕ್ತೇಶ್ವರ ಗುಡಿ, ಅಂಬಿಗರ ಚೌಡಯ್ಯನ ನೆಲ. ಸಂಜೆ ಹೊಳೆ ನೋಡುತ್ತ ಕೂತ ಅವ್ವ "ನಾಳೆನೂ ಇಲ್ಲೇ ಇರೂಣು" ಅಂದಳು. ಇದ್ದೆವು. ಗುಂಪಿನಲ್ಲಿ ಇದು ಆಗುವುದಿಲ್ಲ. ಯಾವ ಆಯೋಜಕನೂ ನಿಮ್ಮ ಅವ್ವನ ಮನಸ್ಸಿಗೆ ಒಂದು ದಿನ ಖಾಲಿ ಇಟ್ಟಿರುವುದಿಲ್ಲ.

ಮುಂಗಡ ಕೊಡುವ ಮುಂಚೆ ಎರಡು ರಾತ್ರಿಯ ಪರೀಕ್ಷೆ

ಇದೊಂದನ್ನು ಮಾತ್ರ ತಪ್ಪಿಸಬೇಡಿ. ಹದಿನೈದು ದಿನದ ಯಾವುದೇ ಪ್ರವಾಸಕ್ಕೆ ಮುಂಚೆ ಎರಡು ರಾತ್ರಿ, ಮೂರು ಹಗಲು ನಮ್ಮ ಸುತ್ತಮುತ್ತಲೇ ತಿರುಗಿ ಬನ್ನಿ. ಸೋತರೆ ಎರಡು ತಾಸಿನಲ್ಲಿ ಮನೆ.

ಮೊದಲ ದಿನ ಹುಬ್ಬಳ್ಳಿಯಿಂದ 67ನೇ ಹೆದ್ದಾರಿ ಹಿಡಿದು ಗದಗ. ಅಣ್ಣಿಗೇರಿಯಲ್ಲಿ ಒಂದು ನಿಲುಗಡೆ. ಗದಗಿನಲ್ಲಿ ತ್ರಿಕೂಟೇಶ್ವರ, ವೀರನಾರಾಯಣ. ಕುಮಾರವ್ಯಾಸ ಒರಗಿ ಕೂತು ಬರೆದ ಕಂಬ ಅಂತ ವೀರನಾರಾಯಣ ಗುಡಿಯಲ್ಲಿ ತೋರಿಸುತ್ತಾರೆ. ಊರೊಳಗೆ ದೊಡ್ಡ ಗಾಡಿ ಒಯ್ಯಬೇಡಿ. ಹೊರಗೆ ನಿಲ್ಲಿಸಿ ಆಟೋ ಹಿಡಿಯಿರಿ. ಇದೂ ಪರೀಕ್ಷೆಯ ಭಾಗವೇ. ಗಾಡಿ ದೊಡ್ಡದಾದಷ್ಟೂ ನಡೆಯುವುದು ಜಾಸ್ತಿ ಆಗುತ್ತದೆ. ಸಂಜೆ 12 ಕಿಲೋಮೀಟರ್ ಮುಂದೆ ಲಕ್ಕುಂಡಿ. ಈ ಸಲ ಅವಸರ ಇಲ್ಲದೆ.

ರಾತ್ರಿ ಎಲ್ಲಿ? ನಮ್ಮಲ್ಲಿ ಕ್ಯಾರವಾನ್ ಪಾರ್ಕು ಸಿಗದಿದ್ದರೆ ಚಿಂತೆ ಇಲ್ಲ. ಕಲ್ಯಾಣ ಮಂಟಪ ಇದೆ. ಮದುವೆ ಇಲ್ಲದ ದಿನ ಅಂಗಳ ಖಾಲಿ. ನೀರಿದೆ, ಸಂಡಾಸಿದೆ, ಪ್ಲಗ್ಗಿದೆ, ಕಾವಲುಗಾರ ಇದ್ದಾನೆ. ಹಗಲೇ ಹೋಗಿ ಮ್ಯಾನೇಜರನ್ನು ಕಂಡು, ಕರೆಂಟಿಗೆ ಇಷ್ಟು ಅಂತ ಮಾತಾಡಿ. ಮಠಗಳೂ ಉಂಟು. ಕೇಳುವ ರೀತಿಯಲ್ಲಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ದಾಸೋಹಕ್ಕೂ ಕರೆಯುತ್ತಾರೆ. ಅಲ್ಲಿ ಜೋರು ಹಾಡು, ಬಾಟಲಿ ಬೇಡ ಅಂತ ಬೇರೆ ಹೇಳಬೇಕಾಗಿಲ್ಲ. ಇವೆರಡೂ ಇಲ್ಲದಿದ್ದರೆ ಲಾರಿಯವರು ನಿಲ್ಲುವ ದೊಡ್ಡ ಪೆಟ್ರೋಲ್ ಬಂಕು.

ಎರಡನೆಯ ದಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. 2024ರಲ್ಲಿ ಇದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಬೆಳಗ್ಗೆ ಬೇಗ ನೋಡಬೇಕು. ಗಾಡಿಯ ಕೊಳೆ ನೀರು ಒಂದು ಹನಿಯೂ ಅಲ್ಲಿ ಬೀಳಬಾರದು. ಆಮೇಲೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ. ಅಲ್ಲಿಂದ ಬಂಕಾಪುರ. ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ ಮತ್ತು ನವಿಲುಗಳು. ಮೂರನೆಯ ದಿನ 48ನೇ ಹೆದ್ದಾರಿಯಲ್ಲಿ ಶಿಗ್ಗಾವಿ ದಾಟಿ ಮನೆಗೆ.

ಈ ಮೂರು ದಿನದಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು, ಡಬ್ಬಿ ಯಾರು ಸುರಿದರು, ಯಾರು ಮುನಿಸಿಕೊಂಡರು ಅಂತ ಹಾಳೆಯ ಹಿಂದೆ ಬರೆದಿಡಿ. ಎರಡನೆಯ ರಾತ್ರಿಯೂ ಎಲ್ಲರೂ ನಗುತ್ತಿದ್ದರೆ ಒಂಟಿಯಾಗಿ ಹೊರಡಿ. ಒಬ್ಬರೇ ದುಡಿದು ಉಳಿದವರು ಕಿಟಕಿ ನೋಡುತ್ತ ಕೂತಿದ್ದರೆ ಗುಂಪಿನ ಫೋನ್ ನಂಬರ್ ತೆಗೆಯಿರಿ.

ಗುಂಪಿನವರಿಗೆ ಕೇಳಬೇಕಾದದ್ದು

ಎಷ್ಟು ಗಾಡಿ? ನಮ್ಮ ರಸ್ತೆಗೆ ಏಳೆಂಟಕ್ಕಿಂತ ಹೆಚ್ಚಾದರೆ ಜಾತ್ರೆ. ಹಿಂದೆ ಬರುವವನು ಯಾರು, ಅವನ ಹತ್ತಿರ ಉಪಕರಣ ಇದೆಯಾ? ಗಾಡಿ ಎರಡು ದಿನ ರಿಪೇರಿಯಾದರೆ ಗುಂಪು ಕಾಯುತ್ತದಾ, ನಮ್ಮನ್ನು ಬಿಟ್ಟು ಹೋಗುತ್ತದಾ? ಪೂರ್ತಿ ಖಾಲಿ ಇರುವ ದಿನ ಎಷ್ಟು? ವಾರಕ್ಕೆ ಒಂದೂ ಇಲ್ಲದಿದ್ದರೆ ಬೇಡ. ರದ್ದಾದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಬರಹದಲ್ಲಿ. ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮಾಂಸದ ವಿಷಯ ಹೇಗೆ? ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಮನೆಯಲ್ಲಿ ಅಜ್ಜಿ ಇದ್ದವರಿಗೆ ಇದೇ ಮೊದಲ ಪ್ರಶ್ನೆ. ಮುಂಚೆ ಹೋಗಿ ಬಂದ ಇಬ್ಬರ ನಂಬರ್ ಕೇಳಿ. ಕೊಡಲು ಹಿಂಜರಿದರೆ ಅದೇ ಉತ್ತರ.

ಅಮೆರಿಕದಲ್ಲಿ ಮಗನೋ ಮಗಳೋ ಇದ್ದವರಿಗೆ

ಧಾರವಾಡದ ಓಣಿಗಳಲ್ಲಿ ಈಗ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವವರು ಬಹಳ. ಮಕ್ಕಳು ಆರ್‌ವಿ ಬಾಡಿಗೆ ಹಿಡಿದು ಕರೆದೊಯ್ಯುತ್ತೇವೆ ಅನ್ನುತ್ತಾರೆ. ಅಲ್ಲಿ ಒಂಟಿಯಾಗಿ ಹೋಗುವುದು ಇಲ್ಲಿಗಿಂತ ಸುಲಭ. ನೀರು, ಕರೆಂಟು, ಕೊಳೆ ಸುರಿಯುವ ಕೊಳವೆ ಮೂರೂ ಇರುವ ತಂಗುದಾಣಗಳಿವೆ. ರಾಷ್ಟ್ರೀಯ ಉದ್ಯಾನಗಳ ಜಾಗ ಮಾತ್ರ ಬೇಗ ಮುಗಿಯುತ್ತದೆ. ಅನೇಕ ಕಡೆ 6 ತಿಂಗಳ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ನಿಮ್ಮ ಟಿಕೆಟ್ಟು ಬುಕ್ ಆದ ದಿನವೇ ಮಕ್ಕಳಿಗೆ ಹೇಳಿ.

ಅಲಾಸ್ಕಾ ಅಂದರೆ ಗುಂಪಿನ ವಿಷಯ ಯೋಚಿಸಬೇಕು. 1942ರಲ್ಲಿ ಕಟ್ಟಿದ ಅಲಾಸ್ಕಾ ಹೆದ್ದಾರಿ ಶುರುವಾಗುವುದೇ ಕೆನಡಾದ ಡಾಸನ್ ಕ್ರೀಕ್‌ನಲ್ಲಿ. ಉದ್ದ 2,200 ಕಿಲೋಮೀಟರಿನ ಆಸುಪಾಸು, ನಡುವೆ ಊರುಗಳು ವಿರಳ. ನಮ್ಮ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇರೆ ಬೇಕು. ಮಕ್ಕಳಿಗೆ ಅಮೆರಿಕದ ಪೌರತ್ವ ಇದ್ದರೆ ಈ ವಿಷಯ ಅವರ ತಲೆಗೆ ಬರುವುದೇ ಇಲ್ಲ. ನೀವೇ ನೆನಪಿಸಬೇಕು. ಮೆಕ್ಸಿಕೊಗೆ ಹೋಗುವುದಾದರೆ ಅಮೆರಿಕದ ವಾಹನ ವಿಮೆ ಅಲ್ಲಿ ನಡೆಯುವುದಿಲ್ಲ, ಮೆಕ್ಸಿಕೊದ್ದೇ ಬೇಕು. ಭಾಷೆಯೂ ಬೇರೆ. ಅಲ್ಲಿಗೆ ಗುಂಪೇ ವಾಸಿ ಅಂತ ನನ್ನ ಮತ. ನೀವೂ ಸ್ಟೇರಿಂಗ್ ಹಿಡಿಯುವ ಆಸೆ ಇದ್ದರೆ ಇಲ್ಲಿಂದಲೇ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕಂಪನಿ ಒಪ್ಪುತ್ತದಾ ಅಂತಲೂ ಕೇಳಿಸಿ.

ಎರಡೂ ಅಲ್ಲದ ದಾರಿ

ಎರಡು ಮನೆ, ಎರಡು ಗಾಡಿ. ಆಯೋಜಕ ಬೇಡ. ಮುಂದಿನ ಗಾಡಿಯವರು ಒಂದು ದಿನ ಜಾಗ ಹುಡುಕಬೇಕು, ಮರುದಿನ ಹಿಂದಿನವರು. ಒಂದು ಕೆಟ್ಟರೆ ಇನ್ನೊಂದಿದೆ. ಹಗಲು ಬೇರೆ ಬೇರೆ, ರಾತ್ರಿ ಒಟ್ಟಿಗೆ ಊಟ. ನೂರು ಕಿಲೋಮೀಟರಿಗೊಮ್ಮೆ ಒಂದು ಫೋನ್. ಖರ್ಚಿಗೆ ಒಂದೇ ಡಬ್ಬಿ ಇಟ್ಟು ಎರಡೂ ಮನೆಯವರು ಸಮ ಹಾಕಬೇಕು, ಯಾರು ಎಷ್ಟು ತಿಂದರು ಅಂತ ಲೆಕ್ಕ ತೆಗೆಯಬಾರದು. ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಇದೇ ಹೊಂದುತ್ತದೆ ಅಂತ ನನಗೆ ಅನ್ನಿಸಿದೆ. ಮೂರನೆಯ ಮನೆ ಸೇರಿಸುವ ಮುಂಚೆ ಮಾತ್ರ ಯೋಚಿಸಿ. ಮೂರರಲ್ಲಿ ಒಂದು ಮನೆ ಯಾವಾಗಲೂ ತಡವಾಗಿ ಏಳುತ್ತದೆ.

ಕಾಕಾಗೂ ಆ ಹಾಳೆ ಕೊಟ್ಟು ಬಂದಿದ್ದೆ. ವಾರ ಬಿಟ್ಟು ಹೋದಾಗ ಅದು ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು. ಓಡಿಸುವುದರ ಮುಂದೆ ಕಾಕಾ ತಮ್ಮ ಹೆಸರು ಬರೆದಿದ್ದರು. ಉಳಿದ ಐದರ ಮುಂದೆ ಕಾಕೂ ಹೆಸರು. ಕಾಕೂ ಆ ಐದನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ಕೆಳಗೆ ಗುಂಪಿನ ಆಯೋಜಕರ ಫೋನ್ ನಂಬರ್ ಬರೆದಿದ್ದರು.